45 ನಾಟ್ ಗೆರೆಯೊಳಗೆ: ಸ್ವಂತ ವಿನ್ಯಾಸದ ವಿಮಾನಕ್ಕೆ ರೆಕ್ಕೆಯ ಲೆಕ್ಕ

ಎರಡು ಸೀಟಿನ ವಿಮಾನವನ್ನು ತಾವೇ ವಿನ್ಯಾಸ ಮಾಡಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಎಂಜಿನ್ನಿನಿಂದ ಶುರು ಮಾಡುತ್ತಾರೆ. ಆಮೇಲೆ ಕಾಕ್‌ಪಿಟ್ಟಿನ ಅಗಲ, ಇಂಧನದ ಟ್ಯಾಂಕು, ಎಲ್ಲ ಮುಗಿದ ಮೇಲೆ ರೆಕ್ಕೆ. 'ಲೈಟ್ ಸ್ಪೋರ್ಟ್' ಎಂಬ ಹಗುರ ವಿಮಾನಗಳ ವರ್ಗದ ಮಿತಿಯೊಳಗೆ ನಿಲ್ಲಬೇಕೆಂದರೆ ಈ ಕ್ರಮ ನಡೆಯುವುದಿಲ್ಲ. ನಿಯಮದಲ್ಲಿ 'ಸ್ಟಾಲ್ ವೇಗ' (ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಸೋಲುವ ವೇಗ) ಎಂದು ಬರೆದಿದ್ದರೂ ಅದು ಕಟ್ಟಿಹಾಕುವುದು ರೆಕ್ಕೆಯ ಒಂದೊಂದು ಚದರ ಮೀಟರಿನ ಮೇಲೆ ಎಷ್ಟು ಕೆಜಿ ಹೊರಿಸಬಹುದು ಎಂಬುದನ್ನು. ಆ ಅಂಕಿ ಮೊದಲೇ ನಿಗದಿಯಾಗದಿದ್ದರೆ ಮಿಕ್ಕ ನಕ್ಷೆಗಳೆಲ್ಲ ಮತ್ತೆ ಬರೆಯುವ ಕೆಲಸವೇ.

ನಿಯಮ ಹೇಳುವುದೇನು

ಅಮೆರಿಕದ ಎಫ್‌ಎಎ (ವಿಮಾನಯಾನ ಪ್ರಾಧಿಕಾರ) 2004ರಲ್ಲಿ ಜಾರಿಗೆ ತಂದ ವ್ಯಾಖ್ಯೆಯಂತೆ ನೆಲದಿಂದ ಏರುವ ಲೈಟ್ ಸ್ಪೋರ್ಟ್ ವಿಮಾನದ ಗರಿಷ್ಠ ತೂಕ 600 ಕೆಜಿ, ಅಂದರೆ 1320 ಪೌಂಡ್ ಇತ್ತು. ಸೀಟು ಎರಡೇ. ಎಂಜಿನ್ ಒಂದೇ, ಅದೂ ಪಿಸ್ಟನ್ನಿನದು. ಪೂರ್ತಿ ನಿರಂತರ ಶಕ್ತಿಯಲ್ಲಿ ಸಮುದ್ರಮಟ್ಟದಲ್ಲಿ ಸಮತಲ ಹಾರಾಟದ ವೇಗ 120 ನಾಟ್ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಮೀರುವಂತಿರಲಿಲ್ಲ. ಸ್ಟಾಲ್ ವೇಗ 45 ನಾಟ್ ಮೀರುವಂತಿರಲಿಲ್ಲ, ಮತ್ತು ಇದರ ಜೊತೆಗೆ ಮೂರು ಷರತ್ತುಗಳಿದ್ದವು. ಅಳೆಯುವುದು ಗರಿಷ್ಠ ತೂಕದಲ್ಲಿ, ಗುರುತ್ವಕೇಂದ್ರ ಅತಿ ಪ್ರತಿಕೂಲ ಜಾಗದಲ್ಲಿದ್ದಾಗ, ಮತ್ತು ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಕ್ಕೆ ಬಾಗುವ ಪಟ್ಟಿ) ಮುಂತಾದ, ಲಿಫ್ಟ್ ಅಂದರೆ ಎತ್ತುವ ಬಲವನ್ನು ಹೆಚ್ಚಿಸುವ ಸಾಧನಗಳನ್ನು ಬಳಸದೆ. ಇದನ್ನೇ ವಿಎಸ್1 ಎನ್ನುವುದು. ವೇಗವೂ ಕಾಕ್‌ಪಿಟ್ಟಿನ ಮಾಪಕದಲ್ಲಿ ಕಂಡದ್ದಲ್ಲ, ಮಾಪಕದ ಮತ್ತು ಕೊಳವೆಗಳ ದೋಷ ತೆಗೆದ ಕ್ಯಾಲಿಬ್ರೇಟೆಡ್ ವೇಗ.

ಹವ್ಯಾಸಿಗಳು ಕಟ್ಟಿದ ವಿಮಾನ ಅಲ್ಲಿ ನೋಂದಣಿಯಾಗುವುದು ಪ್ರಾಯೋಗಿಕ ವರ್ಗದಲ್ಲಿ. ಆ ವರ್ಗಕ್ಕೆ ಇಂಥ ಸ್ಟಾಲ್ ಮಿತಿಯಿಲ್ಲ. ಮಿತಿ ಬರುವುದು ಹಾರಿಸುವವರ ಕಡೆಯಿಂದ. ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ವಾಹನ ಚಾಲನಾ ಪರವಾನಗಿಯ ಬಲದಲ್ಲೇ ಹಾರುವ ಸ್ಪೋರ್ಟ್ ಪೈಲಟ್ ಈ ಗೆರೆಯೊಳಗಿನ ವಿಮಾನವನ್ನು ಮಾತ್ರ ಹಾರಿಸಬಹುದಿತ್ತು. 2025ರಲ್ಲಿ ಬಂದ ಮೊಸಾಯಿಕ್ ಎಂಬ ಹೊಸ ನಿಯಮ ಈ ಗೆರೆಯನ್ನು ದೂರ ಸರಿಸಿತು. ಆ ವರ್ಷದ ಅಕ್ಟೋಬರ್ 22ರಿಂದ ಸ್ಪೋರ್ಟ್ ಪೈಲಟ್ ಹಾರಿಸಬಹುದಾದ ವಿಮಾನದ ವಿಎಸ್1 ಮಿತಿ 59 ನಾಟ್. 600 ಕೆಜಿಯ ಮಿತಿ ಹೋಯಿತು, ನಾಲ್ಕು ಸೀಟಿಗೂ ಅನುಮತಿ ಸಿಕ್ಕಿತು, ಆದರೆ ಕರೆದೊಯ್ಯಬಹುದಾದ ಪ್ರಯಾಣಿಕ ಈಗಲೂ ಒಬ್ಬನೇ. ಯುರೋಪಿನ ಸಿಎಸ್-ಎಲ್‌ಎಸ್‌ಎ ನಿಯಮದಲ್ಲಿ ತೂಕ ಅದೇ 600 ಕೆಜಿ, ವೇಗ ಅದೇ 45 ನಾಟ್, ಆದರೆ ಅಳೆಯುವುದು ಇಳಿಯುವ ಸ್ಥಿತಿಯಲ್ಲಿ, ಫ್ಲ್ಯಾಪ್ ಪೂರ್ತಿ ಕೆಳಗಿಳಿಸಿ. ಅಂಕಿ ಒಂದೇ ಇದ್ದರೂ ಈ ವ್ಯತ್ಯಾಸ ರೆಕ್ಕೆಯನ್ನೇ ಬದಲಿಸಿಬಿಡುತ್ತದೆ. ಅದನ್ನು ಮುಂದೆ ನೋಡೋಣ.

ಲೆಕ್ಕದ ತಿರುಳು

ಸ್ಟಾಲ್ ಆಗುವ ಕ್ಷಣದಲ್ಲಿ ರೆಕ್ಕೆ ಹುಟ್ಟಿಸುವ ಲಿಫ್ಟ್ ವಿಮಾನದ ತೂಕಕ್ಕೆ ಸಮ. ಆ ಲಿಫ್ಟ್ ಮೂರರ ಗುಣಾಕಾರ: ಗಾಳಿಯ ಚಲನ ಒತ್ತಡ, ರೆಕ್ಕೆಯ ವಿಸ್ತೀರ್ಣ, ಗರಿಷ್ಠ ಲಿಫ್ಟ್ ಗುಣಾಂಕ (ರೆಕ್ಕೆಯ ಆಕಾರ ಹೆಚ್ಚೆಂದರೆ ಎಷ್ಟು ಲಿಫ್ಟ್ ಕೊಡಬಲ್ಲದು ಎಂಬ ಅಂಕಿ). ಚಲನ ಒತ್ತಡ ಎಂದರೆ ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. 45 ನಾಟ್ ಎಂದರೆ ಸೆಕೆಂಡಿಗೆ 23.15 ಮೀಟರ್. ಸಮುದ್ರಮಟ್ಟದ ಸಾಂದ್ರತೆ ಘನ ಮೀಟರಿಗೆ 1.225 ಕೆಜಿ ಎಂದಿಟ್ಟರೆ ಚಲನ ಒತ್ತಡ 328 ಪಾಸ್ಕಲ್. ಈ ಸಂಖ್ಯೆ ಯಾರ ವಿಮಾನಕ್ಕೂ ಬದಲಾಗುವುದಿಲ್ಲ. 600 ಕೆಜಿಯ ತೂಕ 5886 ನ್ಯೂಟನ್. ಅದನ್ನು 328ರಿಂದ ಭಾಗಿಸಿದರೆ ಸುಮಾರು 17.9 ಬರುತ್ತದೆ. ರೆಕ್ಕೆಯ ವಿಸ್ತೀರ್ಣವನ್ನು ಗರಿಷ್ಠ ಲಿಫ್ಟ್ ಗುಣಾಂಕದಿಂದ ಗುಣಿಸಿದಾಗ ಕನಿಷ್ಠ ಇಷ್ಟು ಬರಬೇಕು. ಗುಣಾಂಕ 1.5 ಇದ್ದರೆ ಸುಮಾರು 12 ಚದರ ಮೀಟರ್ ಸಾಕು. 1.4 ಇದ್ದರೆ 12.8. 1.3 ಮಾತ್ರ ಇದ್ದರೆ 13.8 ಬೇಕು.

ಗುಣಾಂಕದಲ್ಲಿ 0.1ರ ತಪ್ಪಾದರೆ ಸುಮಾರು ಒಂದು ಚದರ ಮೀಟರ್ ರೆಕ್ಕೆ ಹೆಚ್ಚುಕಡಿಮೆಯಾಗುತ್ತದೆ ಎಂದಾಯಿತು. ತೂಕ ತಕ್ಕಡಿಯಲ್ಲಿ ಸಿಗುತ್ತದೆ, ವಿಸ್ತೀರ್ಣ ಅಳತೆಪಟ್ಟಿಯಲ್ಲಿ ಸಿಗುತ್ತದೆ. ಗುಣಾಂಕ ಮಾತ್ರ ಊಹೆ, ಮತ್ತು ಮನಸ್ಸಿಗೆ ಬೇಕಾದ ಕಡೆಗೆ ಊಹಿಸುವುದು ಬಹಳ ಸುಲಭ.

ಗುಣಾಂಕ ಎಲ್ಲೆಲ್ಲಿ ಸೋರಿಹೋಗುತ್ತದೆ

ಉದಾಹರಣೆಗೆ ನಾಕಾ 4415 ಏರ್‌ಫಾಯಿಲನ್ನು (ರೆಕ್ಕೆಯ ಅಡ್ಡಕೊಯ್ತದ ಆಕಾರ) ತೆಗೆದುಕೊಳ್ಳೋಣ. ಹಳೆಯದಾದರೂ ದಪ್ಪನೆಯ ಸ್ಪಾರಿಗೆ (ರೆಕ್ಕೆಯ ಉದ್ದಕ್ಕೂ ಹಾಯುವ ಮುಖ್ಯ ತೊಲೆ) ಒಳಗೆ ಜಾಗ ಕೊಡುತ್ತದೆ, ಸ್ಟಾಲ್ ಮೆತ್ತಗೆ ಬರುತ್ತದೆ. ಗಾಳಿಸುರಂಗದ ಪಟ್ಟಿಗಳಲ್ಲಿ ಇದರ ಗರಿಷ್ಠ ಗುಣಾಂಕ 1.6 ದಾಟಿ ಕಾಣುತ್ತದೆ. ಆದರೆ ಆ ಪಟ್ಟಿಗಳು ಸಾಮಾನ್ಯವಾಗಿ 30, 60, 90 ಲಕ್ಷ ರೆನಾಲ್ಡ್ಸ್ ಸಂಖ್ಯೆಗಳಲ್ಲಿ (ವೇಗ ಮತ್ತು ರೆಕ್ಕೆಯ ಅಗಲದ ಜೊತೆ ಏರುವ, ಗಾಳಿಯ ಹರಿವಿನ ಅಳತೆ) ಅಳೆದವು. ಮುಂದಂಚಿನಿಂದ ಹಿಂದಂಚಿಗೆ ಒಂದೂವರೆ ಮೀಟರ್ ಅಗಲದ ರೆಕ್ಕೆ 45 ನಾಟ್ ವೇಗದಲ್ಲಿ ಕೆಲಸ ಮಾಡುವುದು ಸುಮಾರು 24 ಲಕ್ಷದಲ್ಲಿ. 60 ಲಕ್ಷದ ಗೆರೆಯನ್ನು ನೋಡಿ ಅಂಕಿ ಎತ್ತಿಕೊಂಡರೆ ಅಲ್ಲೇ ಮೊದಲ ಮೋಸ. ಎಕ್ಸ್‌ಫಾಯಿಲ್ ತಂತ್ರಾಂಶದಲ್ಲಿ ಸರಿಯಾದ ರೆನಾಲ್ಡ್ಸ್ ಸಂಖ್ಯೆ ಕೊಡಬಹುದು, ಆದರೆ ಸ್ಟಾಲ್ ಹತ್ತಿರ ಅದು ತೋರಿಸುವುದು ತುಸು ಹೆಚ್ಚೇ. ಇವೆಲ್ಲ ಕಳೆದು 1.55 ಇಟ್ಟುಕೊಳ್ಳುವುದು ಜಾಣತನ.

ಇದು ತುದಿಯೇ ಇಲ್ಲದ ರೆಕ್ಕೆಯ ಅಂಕಿ. ನಿಜವಾದ ರೆಕ್ಕೆಯಲ್ಲಿ ಉದ್ದಕ್ಕೂ ಎಲ್ಲ ಕಡೆ ಒಂದೇ ಹೊತ್ತಿಗೆ ಗರಿಷ್ಠ ಮುಟ್ಟುವುದಿಲ್ಲ. ಆಯತಾಕಾರದ ರೆಕ್ಕೆಯ ಬುಡ ಸ್ಟಾಲ್ ಆಗುವಾಗ ತುದಿಯಲ್ಲಿ ಇನ್ನೂ ಸಾಮರ್ಥ್ಯ ಉಳಿದಿರುತ್ತದೆ. ಆದ್ದರಿಂದ ಹಿಂದಕ್ಕೆ ಓರೆಯಾಗದ ಸರಳ ರೆಕ್ಕೆಗೆ 0.9ರಿಂದ ಗುಣಿಸುವುದು ವಾಡಿಕೆ. 1.55 ಹೀಗೆ 1.395 ಆಯಿತು.

ಆಮೇಲಿನ ಕಡಿತವನ್ನು ಹೊಸಬರು ಹೆಚ್ಚಾಗಿ ಮರೆಯುತ್ತಾರೆ: ಬಾಲ ಕೆಳಕ್ಕೆ ತಳ್ಳುತ್ತದೆ. ರೆಕ್ಕೆಯ ಲಿಫ್ಟ್ ಕೆಲಸ ಮಾಡುವ ಕೇಂದ್ರ ಮುಂದಂಚಿನಿಂದ ಅಗಲದ 25 ಶೇಕಡಾ ಜಾಗದಲ್ಲಿದೆ. ಗುರುತ್ವಕೇಂದ್ರ ಮುಂದಿನ ಮಿತಿಯಲ್ಲಿ, ಅಂದರೆ 18 ಶೇಕಡಾದಲ್ಲಿ ಇದೆ ಎನ್ನೋಣ. ಈ 7 ಶೇಕಡಾ ಅಂತರಕ್ಕೆ ಮೂತಿ ಕೆಳಗಾಗುತ್ತದೆ. 4415ರಂಥ ಬಾಗಿದ ಏರ್‌ಫಾಯಿಲ್ ತಾನೇ ಮೂತಿಯನ್ನು ಕೆಳಗೆ ತಿರುಗಿಸುವ ಸ್ವಭಾವದ್ದು, ಅದರ ತಿರುಚು ಗುಣಾಂಕ ಸುಮಾರು 0.093. ಎರಡೂ ಸೇರಿ 1.395 × 0.07 + 0.093, ಅಂದರೆ 0.191. ಬಾಲ ರೆಕ್ಕೆಯ ಅಗಲದ 2.8 ಪಟ್ಟು ಹಿಂದಿದ್ದರೆ 0.191ನ್ನು 2.8ರಿಂದ ಭಾಗಿಸಿದ 0.068ರಷ್ಟು ಗುಣಾಂಕವನ್ನು ಬಾಲ ಕೆಳಮುಖವಾಗಿ ತಿಂದುಹಾಕುತ್ತದೆ. ವಿಮಾನಕ್ಕೆ ಕೊನೆಗೆ ಉಳಿದದ್ದು 1.33. ಇದೇ ವಿಮಾನದ ಗುರುತ್ವಕೇಂದ್ರವನ್ನು 28 ಶೇಕಡಾಕ್ಕೆ ಒಯ್ದರೆ ಗುಣಾಂಕ 1.38 ಆಗುತ್ತದೆ, ಸ್ಟಾಲ್ ವೇಗ ಮುಕ್ಕಾಲು ನಾಟಿನಷ್ಟು ಇಳಿಯುತ್ತದೆ. 'ಅತಿ ಪ್ರತಿಕೂಲ ಜಾಗ' ಎಂದು ನಿಯಮ ಹೇಳುವುದು ಇದಕ್ಕೇ, ಮತ್ತು ಅದು ಬಹುತೇಕ ಮುಂದಿನ ಮಿತಿಯೇ.

1.6 ಎಂದು ಶುರುವಾದದ್ದು 1.33ಕ್ಕೆ ಬಂದು ನಿಂತಿತು. ಯಾವುದೋ ಮಾರಾಟದ ಕರಪತ್ರದಲ್ಲಿರುವ ಸ್ಟಾಲ್ ವೇಗವನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ ಗುಣಾಂಕ ತೆಗೆಯುವವರಿಗೆ ಪೈಪರ್ ಜೆ-3 ಕಬ್ ಒಳ್ಳೆಯ ಎಚ್ಚರಿಕೆ. ಅದರ ತೂಕ 553 ಕೆಜಿ, ರೆಕ್ಕೆ 16.6 ಚದರ ಮೀಟರ್, ಎಲ್ಲೆಡೆ ಅಚ್ಚಾಗುವ ಸ್ಟಾಲ್ ವೇಗ ಗಂಟೆಗೆ 38 ಮೈಲಿ. ಲೆಕ್ಕ ಹಾಕಿದರೆ ಗುಣಾಂಕ 1.85 ಬರುತ್ತದೆ. ಫ್ಲ್ಯಾಪ್ ಇಲ್ಲದ, ಬಟ್ಟೆ ಹೊದಿಸಿದ ರೆಕ್ಕೆಗೆ ಅಷ್ಟು ಸಾಧ್ಯವಿಲ್ಲ. 1.5 ಇಟ್ಟು ನೋಡಿದರೆ 42 ಮೈಲಿ. ನಡುವಿನ 4 ಮೈಲಿ ರೆಕ್ಕೆಯ ಪವಾಡವಲ್ಲ. ಹೆಚ್ಚಿನ ಕೋನದಲ್ಲಿ ಮಾಪಕ ಕಡಿಮೆ ತೋರಿಸುವುದು, ಎಂಜಿನ್ನಿನ ಅಲ್ಪಸ್ವಲ್ಪ ನೆರವು, ಹಗುರ ತೂಕದಲ್ಲಿ ಅಳೆದದ್ದು, ಇಂಥವುಗಳಿಂದ ಆ ಅಂತರ ಹುಟ್ಟುತ್ತದೆ.

ರೆಕ್ಕೆಯ ಅಳತೆ

1.33 ಗುಣಾಂಕಕ್ಕೆ ಮಿತಿಯ ಮೇಲೆಯೇ ನಿಲ್ಲುವ ರೆಕ್ಕೆ 13.5 ಚದರ ಮೀಟರ್. ಆದರೆ ಮಿತಿಯ ಮೇಲೆ ವಿನ್ಯಾಸ ಮಾಡಿದ ವಿಮಾನ ಪರೀಕ್ಷೆಯ ದಿನ ಮಿತಿಯಾಚೆ ಹೋಗಿರುತ್ತದೆ. 9.5 ಮೀಟರ್ ಉದ್ದ, 1.5 ಮೀಟರ್ ಅಗಲದ ಆಯತ ತೆಗೆದುಕೊಂಡರೆ 14.25 ಚದರ ಮೀಟರ್. ವಿಸ್ತೀರ್ಣವನ್ನು ಅಳೆಯುವಾಗ ಒಡಲಿನೊಳಗೆ ಹಾದುಹೋಗುವ ಭಾಗವನ್ನೂ ಸೇರಿಸಿಕೊಳ್ಳುವುದು ರೂಢಿ. ಇದರ ಸ್ಟಾಲ್ ವೇಗ 43.8 ನಾಟ್. ಗುಣಾಂಕ 1.33 ಅಲ್ಲ, 1.26 ಎಂದು ಆಮೇಲೆ ಗೊತ್ತಾದರೂ ವೇಗ 45 ನಾಟಿಗೆ ಬಂದು ನಿಲ್ಲುತ್ತದೆ, ದಾಟುವುದಿಲ್ಲ. ಐದು ಶೇಕಡಾದಷ್ಟು ಈ ಅವಕಾಶವನ್ನು ಮೊದಲ ವಿನ್ಯಾಸದಲ್ಲಿ ಯಾರೂ ಬಿಟ್ಟುಕೊಡಬಾರದು.

ಬಾಲದ ಗಾತ್ರಕ್ಕೂ ಇಲ್ಲೇ ಪಾಲಿದೆ. ನಿಯಮದ ಮಾತಿನಲ್ಲಿ ಸ್ಟಾಲ್ ವೇಗ ಎಂದರೆ ಸ್ಟಾಲ್ ಆಗುವ ವೇಗ, ಅಥವಾ ವಿಮಾನವನ್ನು ಹಿಡಿತದಲ್ಲಿಟ್ಟು ಸ್ಥಿರವಾಗಿ ಹಾರಿಸಬಹುದಾದ ಕನಿಷ್ಠ ವೇಗ. ಗುರುತ್ವಕೇಂದ್ರ ಮುಂದಿರುವಾಗ ಕೋಲನ್ನು ಹೊಟ್ಟೆಗೆ ತಾಗುವಷ್ಟು ಎಳೆದರೂ ಮೂತಿ ಏಳದಿದ್ದರೆ ರೆಕ್ಕೆ ತನ್ನ ಗರಿಷ್ಠವನ್ನು ಮುಟ್ಟುವುದೇ ಇಲ್ಲ. ಆಗ ಎಲಿವೇಟರ್ (ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿ) ಸೋತ ವೇಗವೇ ನಿಮ್ಮ ವಿಎಸ್1. ಬಾಲದ ವಿಸ್ತೀರ್ಣವನ್ನು ಅದರ ದೂರದಿಂದ ಗುಣಿಸಿ, ರೆಕ್ಕೆಯ ವಿಸ್ತೀರ್ಣ ಮತ್ತು ಅಗಲದ ಗುಣಲಬ್ಧದಿಂದ ಭಾಗಿಸಿದಾಗ 0.5 ಆಸುಪಾಸು ಬರಬೇಕು. ನಮ್ಮ ಉದಾಹರಣೆಯಲ್ಲಿ ಬಾಲ 4.2 ಮೀಟರ್ ಹಿಂದಿದೆ, ಆದ್ದರಿಂದ ಸುಮಾರು 2.5 ಚದರ ಮೀಟರಿನ ಅಡ್ಡಬಾಲ ಬೇಕು.

600 ಕೆಜಿ ಎಲ್ಲಿ ಖರ್ಚಾಗುತ್ತದೆ

ತಲಾ 90 ಕೆಜಿಯ ಇಬ್ಬರು, 80 ಲೀಟರ್ ಪೆಟ್ರೋಲಿಗೆ 58 ಕೆಜಿ, ಸಾಮಾನಿಗೆ 15. ಒಟ್ಟು 253. ಖಾಲಿ ವಿಮಾನ 347 ಕೆಜಿಯೊಳಗೆ ಮುಗಿಯಬೇಕು. ಅಲ್ಯೂಮಿನಿಯಂ ರೆಕ್ಕೆ ಚದರ ಮೀಟರಿಗೆ ಐದಾರು ಕೆಜಿ ತೂಗುತ್ತದೆ, ಹಾಗಾಗಿ ರೆಕ್ಕೆಗೇ 78 ಕೆಜಿ ಹೋಯಿತು. 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್‌ಎಸ್ ನಿಷ್ಕಾಸ ಕೊಳವೆ, ರೇಡಿಯೇಟರ್, ಎಣ್ಣೆ, ನೀರು ಎಲ್ಲ ಸೇರಿ 80 ಕೆಜಿ ಹತ್ತಿರ. ಅದರ ಬದಲು ಲೈಕಮಿಂಗ್ ಒ-235 ಹಾಕಿದರೆ ಎಂಜಿನ್ ಒಂದೇ ಸುಮಾರು 110 ಕೆಜಿ. ಒಡಲು, ಬಾಲ, ಚಕ್ರ, ಪ್ರೊಪೆಲ್ಲರ್, ಸೀಟು, ಉಪಕರಣ, ಬಣ್ಣ ಇವಕ್ಕೆಲ್ಲ ಉಳಿಯುವುದು 190 ಕೆಜಿಗೂ ಕಡಿಮೆ.

ಇಲ್ಲೊಂದು ಸಂಗತಿ ಗಮನಿಸಬೇಕು. ತೂಕದಲ್ಲಿ 10 ಕೆಜಿ ಏರಿದರೆ ಸ್ಟಾಲ್ ವೇಗ ಏರುವುದು 0.4 ನಾಟಿಗಿಂತ ಕಡಿಮೆ, ಏಕೆಂದರೆ ವೇಗ ತೂಕದ ವರ್ಗಮೂಲವನ್ನು ಹಿಂಬಾಲಿಸುತ್ತದೆ. ಹಳೆಯ ನಿಯಮದಲ್ಲಂತೂ ಗರಿಷ್ಠ ತೂಕ 600ಕ್ಕೆ ಬೀಗ ಹಾಕಿದ ಹಾಗೆ. ಆದ್ದರಿಂದ ಭಾರವಾಗಿ ಕಟ್ಟಿದ್ದರ ಬೆಲೆ ಸ್ಟಾಲ್ ವೇಗದಲ್ಲಿ ಕಾಣುವುದಿಲ್ಲ, ಎರಡನೇ ಸೀಟು ಖಾಲಿ ಹಾರುವುದರಲ್ಲಿ ಕಾಣುತ್ತದೆ. ಖಾಲಿ ತೂಕ 400 ಕೆಜಿ ತಲುಪಿದ ವಿಮಾನ ಕಾಗದದ ಮೇಲೆ ಎರಡು ಸೀಟಿನದು, ಅಷ್ಟೇ. ಇಬ್ಬರು ಕುಳಿತರೆ ಇಂಧನಕ್ಕೆ ಉಳಿಯುವುದು 20 ಕೆಜಿ.

ಫ್ಲ್ಯಾಪಿನ ಲೆಕ್ಕ ಯಾರಿಗೆ ಸಲ್ಲುತ್ತದೆ

ಒಳ್ಳೆಯ ಸ್ಲಾಟೆಡ್ ಫ್ಲ್ಯಾಪ್ (ಗಾಳಿ ಹಾಯಲು ಮುಂದೆ ಸಂದು ಇರುವ ಫ್ಲ್ಯಾಪ್) ಇಡೀ ವಿಮಾನದ ಗುಣಾಂಕವನ್ನು 1.8ರಿಂದ 2ರವರೆಗೆ ಒಯ್ಯಬಲ್ಲದು. 10 ಚದರ ಮೀಟರಿನ ಪುಟ್ಟ ರೆಕ್ಕೆಗೆ 600 ಕೆಜಿಯಲ್ಲಿ 45 ನಾಟ್ ಮುಟ್ಟಲು ಬೇಕಾದ ಗುಣಾಂಕ 1.79. ಯುರೋಪಿನ ಸಿಎಸ್-ಎಲ್‌ಎಸ್‌ಎ ಲೆಕ್ಕಕ್ಕೆ ಈ ವಿಮಾನ ತೇರ್ಗಡೆ. ಫ್ಲ್ಯಾಪ್ ಮಡಚಿ 1.33ಕ್ಕೆ ಇಳಿದರೆ ಸ್ಟಾಲ್ 52 ನಾಟ್ ದಾಟುತ್ತದೆ. ಅಮೆರಿಕದ 2004ರ ಲೆಕ್ಕದಲ್ಲಿ ನೇರ ಅನುತ್ತೀರ್ಣ. ಮೊಸಾಯಿಕ್ಕಿನ 59 ನಾಟಿಗೆ ಅದೇ ವಿಮಾನ ಮತ್ತೆ ತೇರ್ಗಡೆ. ಬೇರೊಂದು ದೇಶದ ಯಶಸ್ವಿ ವಿನ್ಯಾಸದ ರೆಕ್ಕೆಯನ್ನು ನೋಡಿ ನಕಲು ಮಾಡುವ ಮೊದಲು ಅದು ಯಾವ ನಿಯಮಕ್ಕೆ ಹುಟ್ಟಿದ ರೆಕ್ಕೆ ಎಂದು ಕೇಳಿಕೊಳ್ಳಿ.

ಹಾಗಾದರೆ 45 ನಾಟಿನ ವಿಮಾನಕ್ಕೆ ಫ್ಲ್ಯಾಪ್ ಬೇಡವೇ? ವಿಎಸ್1 ದೃಷ್ಟಿಯಿಂದ ಬೇಡ. ಆದರೆ ರೆಕ್ಕೆಯ ಮೇಲೆ ಹೊರೆ ಕಡಿಮೆಯಿರುವ ವಿಮಾನ ನೆಲದ ಹತ್ತಿರ ಇಳಿಯದೆ ತೇಲುತ್ತಲೇ ಹೋಗುತ್ತದೆ. ಅದನ್ನು ತಗ್ಗಿಸಲು ಡ್ರ್ಯಾಗ್ (ಗಾಳಿಯ ತಡೆ) ಕೊಡುವ ಸರಳ ಕೀಲಿನ ಫ್ಲ್ಯಾಪ್ ಸಾಕು. ಹಳಿ, ರೋಲರ್, ಸ್ಲಾಟ್ ಇತ್ಯಾದಿಗೆ ತೂಕ ಸುರಿಯುವುದರಲ್ಲಿ ಅರ್ಥವಿಲ್ಲ. ಪೈಲಟ್ ಹೊರಗೆ ಬಿಡುವ ಸ್ಲ್ಯಾಟ್ (ಮುಂದಂಚಿನ ಪಟ್ಟಿ) ಕೂಡ ವಿಎಸ್1 ಲೆಕ್ಕಕ್ಕೆ ಸೇರುವುದಿಲ್ಲ. ರೆಕ್ಕೆಗೆ ಕಾಯಂ ಆಗಿ ಕೂರಿಸಿದ ಸ್ಲ್ಯಾಟ್ ಅಥವಾ ವೋರ್ಟೆಕ್ಸ್ ಜನರೇಟರ್ (ಗಾಳಿ ಕಳಚದಂತೆ ಸಣ್ಣ ಸುಳಿ ಎಬ್ಬಿಸುವ ಪುಟ್ಟ ರೆಕ್ಕೆ) ರೆಕ್ಕೆಯ ಭಾಗವೇ.

ದೊಡ್ಡ ರೆಕ್ಕೆಗೆ ತೆರುವ ಬೆಲೆ

ವೇಗ ಹೋಗುತ್ತದೆ ಎಂದು ಹೆದರುವವರು ಬಹಳ. ಲೆಕ್ಕ ಅಷ್ಟು ಹೆದರಿಸುವುದಿಲ್ಲ. ಒಂದು ಚದರ ಮೀಟರ್ ಹೆಚ್ಚುವರಿ ರೆಕ್ಕೆ ತರುವ ಡ್ರ್ಯಾಗ್ ವಿಸ್ತೀರ್ಣ ಸುಮಾರು 0.009 ಚದರ ಮೀಟರ್. ಚಕ್ರ ಹೊರಗಿರುವ ಇಡೀ ವಿಮಾನದ್ದು 0.4 ಆಸುಪಾಸು. ಎರಡೂ ಕಾಲು ಶೇಕಡಾ ಡ್ರ್ಯಾಗ್ ಹೆಚ್ಚಿದರೆ, ಗರಿಷ್ಠ ವೇಗ ಶಕ್ತಿಯ ಘನಮೂಲವನ್ನು ಅನುಸರಿಸುವುದರಿಂದ, ನಷ್ಟ ಒಂದು ನಾಟಿಗಿಂತ ಕಡಿಮೆ. 100 ಅಶ್ವಶಕ್ತಿ ಇರುವ ಅಚ್ಚುಕಟ್ಟಾದ ವಿಮಾನ ಹೇಗೂ 120 ನಾಟಿನ ಮೇಲ್ಮಿತಿಗೆ ತಗಲುತ್ತದೆ. ಸಣ್ಣ ರೆಕ್ಕೆಯಿಂದ ಗಳಿಸಿದ ವೇಗವನ್ನು ಹಳೆಯ ನಿಯಮದಲ್ಲಿ ಬಳಸುವಂತೆಯೂ ಇರಲಿಲ್ಲ.

ನಿಜವಾದ ಬೆಲೆ ಗಾಳಿಯ ಹೊಡೆತದಲ್ಲಿದೆ. ಅತಿ ಹಗುರ ವಿಮಾನಗಳ ಯುರೋಪಿನ ಸಿಎಸ್-ವಿಎಲ್‌ಎ ಸಂಹಿತೆ ಪ್ರಯಾಣ ವೇಗದಲ್ಲಿ ಸೆಕೆಂಡಿಗೆ 15.24 ಮೀಟರಿನ ಮೇಲ್ಮುಖ ಗಾಳಿಯ ಹೊಡೆತವನ್ನು ತಡೆಯಬೇಕು ಎನ್ನುತ್ತದೆ. ನಮ್ಮ ಉದಾಹರಣೆಯ ವಿಮಾನದಲ್ಲಿ ಚದರ ಮೀಟರಿಗೆ 42 ಕೆಜಿ. ಅದು ಸೆಕೆಂಡಿಗೆ 55 ಮೀಟರ್, ಅಂದರೆ 107 ನಾಟಿನಲ್ಲಿ ಹೋಗುವಾಗ ಈ ಹೊಡೆತ ಬಿದ್ದರೆ, ಸಂಹಿತೆಯ ಸೂತ್ರದಂತೆ ಹೊರೆ ವಿಮಾನದ ತೂಕದ 4.3 ಪಟ್ಟು. ರಚನೆಯನ್ನು 3.8 ಪಟ್ಟಿಗೆ ವಿನ್ಯಾಸ ಮಾಡಿ ನೆಮ್ಮದಿಯಿಂದ ಕುಳಿತವರಿಗೆ ಇದು ಎಚ್ಚರಿಕೆ: ಸ್ಪಾರಿನ ದಪ್ಪವನ್ನು ನಿರ್ಧರಿಸುವುದು ಕಸರತ್ತಿನ ಹೊರೆಯಲ್ಲ, ಗಾಳಿಯ ಹೊರೆ. ಅದೇ ಅಗಲದ ರೆಕ್ಕೆಯ ಮೇಲೆ ಚದರ ಮೀಟರಿಗೆ 80 ಕೆಜಿ ಹೊತ್ತ ವಿಮಾನಕ್ಕೆ ಅದೇ ಹೊಡೆತ 3.1 ಪಟ್ಟು ಮಾತ್ರ. ಸ್ಟಾಲ್ ವೇಗ ತಗ್ಗಿಸಿದಷ್ಟೂ ಒರಟು ಗಾಳಿಯಲ್ಲಿ ಕುಲುಕಾಟ ಹೆಚ್ಚು. ಹೊಯ್ದಾಡುವ ಗಾಳಿಯಲ್ಲಿ ವೇಗವನ್ನು 43.8 ನಾಟನ್ನು 3.8ರ ವರ್ಗಮೂಲದಿಂದ ಗುಣಿಸಿದಷ್ಟಕ್ಕೆ, ಅಂದರೆ 85 ನಾಟಿಗೆ ತಗ್ಗಿಸಬೇಕು. 107ರಲ್ಲಿ ಬರುತ್ತಿರುವವರು 22 ನಾಟ್ ಬಿಟ್ಟುಕೊಡಬೇಕು.

ಇಷ್ಟಾದರೂ 59 ನಾಟ್ ಅನುಮತಿ ಸಿಕ್ಕಿತೆಂದು 59ಕ್ಕೇ ವಿನ್ಯಾಸ ಮಾಡುವುದು ಬುದ್ಧಿವಂತಿಕೆಯಲ್ಲ ಎಂಬುದು ನಮ್ಮ ಅಭಿಪ್ರಾಯ. 600 ಕೆಜಿಗೆ 59 ನಾಟ್ ಎಂದರೆ 7.9 ಚದರ ಮೀಟರ್ ರೆಕ್ಕೆ ಸಾಕು. ಆದರೆ ಎಂಜಿನ್ ನಿಂತು ಹೊಲದಲ್ಲಿ ಇಳಿಯಬೇಕಾದಾಗ ವಿಮಾನ ಹೊತ್ತು ತರುವ ಚಲನಶಕ್ತಿ 45 ನಾಟಿನದರ 1.72 ಪಟ್ಟು. ಪ್ರಾಯೋಗಿಕ ವಿಮಾನದ ಮೊದಲ ಗಂಟೆಗಳಲ್ಲೇ ಇಂಥದ್ದು ಹೆಚ್ಚು ನಿರೀಕ್ಷಿತ. 50ರ ಆಸುಪಾಸು ನಿಲ್ಲಿಸುವುದು ಒಳ್ಳೆಯ ರಾಜಿ.

ಕಟ್ಟುವಾಗ ಕೆಡುವುದು

ಏರ್‌ಫಾಯಿಲಿನ ಗರಿಷ್ಠ ಲಿಫ್ಟ್ ತೀರ್ಮಾನವಾಗುವುದು ಮುಂದಂಚಿನ ಮೊದಲ 10–15 ಶೇಕಡಾದಲ್ಲಿ, ಅದೂ ಮೇಲ್ಮೈಯಲ್ಲಿ. ಅಲ್ಯೂಮಿನಿಯಂ ಹಾಳೆಯನ್ನು ಕೈಯಲ್ಲಿ ಬಾಗಿಸಿ ರೆಕ್ಕೆಯ ಮೂತಿ ಮಾಡುವಾಗ ಎರಡು ರೀತಿ ಕೆಡುತ್ತದೆ. ಮೂತಿ ಚೂಪಾದರೆ ಗಾಳಿ ಬೇಗ ಕಳಚಿಕೊಳ್ಳುತ್ತದೆ. ರಿಬ್ಬುಗಳ (ರೆಕ್ಕೆಗೆ ಆಕಾರ ಕೊಡುವ ಒಳಗಿನ ಅಡ್ಡಪಟ್ಟಿಗಳ) ನಡುವೆ ಹಾಳೆ ತಗ್ಗಾದರೆ ಆ ಪಟ್ಟಿಯಲ್ಲಿ ಏರ್‌ಫಾಯಿಲೇ ಬೇರೆ. ನಕ್ಷೆಯಿಂದ ಒಳಬಾಗಿದ ಅಚ್ಚನ್ನು ತೆಳು ಪ್ಲೈವುಡ್ಡಿನಲ್ಲಿ ಕೊಯ್ದು, ರಿಬ್ಬಿನ ಮೇಲೂ ಎರಡು ರಿಬ್ಬುಗಳ ಮಧ್ಯದಲ್ಲೂ ಇಟ್ಟು ಬೆಳಕಿಗೆ ಹಿಡಿಯಿರಿ. ಮೊದಲ 150 ಮಿಲಿಮೀಟರಿನಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಬೆಳಕು ನುಸುಳಿದರೆ ಸರಿಪಡಿಸಬೇಕು. ಮೂತಿಯ ರಿಬ್ಬುಗಳನ್ನು ಹತ್ತಿರ ಹತ್ತಿರ ಇಡುವುದೇ ಇದಕ್ಕೆ ಸುಲಭ ಮದ್ದು. ಹಿಂದಿನ ಅರ್ಧದಲ್ಲಿ ಇಷ್ಟು ಕಟ್ಟುನಿಟ್ಟು ಬೇಡ.

ಗಾಳಿ ನುಣುಪಾಗಿ ಪದರಪದರವಾಗಿ ಹರಿಯಲೆಂದು ರೂಪಿಸಿದ ಲ್ಯಾಮಿನಾರ್ ಏರ್‌ಫಾಯಿಲಿನ ಆಸೆ ಬೇರೆ ರೀತಿಯ ಬಲೆ. ಲಾಂಗ್-ಈಜಿ ವಿಮಾನದ ಮುಂದಿನ ಸಣ್ಣ ರೆಕ್ಕೆಯಲ್ಲಿ ಮೊದಲು ಇದ್ದ ಏರ್‌ಫಾಯಿಲ್ ಮಳೆಯಲ್ಲಿ ನೆನೆದಾಗ ಲಿಫ್ಟ್ ಕಳೆದುಕೊಂಡು ಮೂತಿಯ ಹದ ತಪ್ಪುತ್ತಿತ್ತು. ಅದಕ್ಕಾಗಿಯೇ ಅದನ್ನು ಬಿಟ್ಟು ರಾಂಕ್ಜ್ ಎಂಬ ವಿನ್ಯಾಸಕರ ಏರ್‌ಫಾಯಿಲಿಗೆ ಬದಲಾದದ್ದು. ಮಳೆಹನಿ, ಸತ್ತ ಹುಳು, ಬಣ್ಣದ ಅಂಚು ಇವೆಲ್ಲ ಸ್ಟಾಲ್ ವೇಗವನ್ನು ಏರಿಸುತ್ತವೆ. ಒರಟು ಮೇಲ್ಮೈಯಲ್ಲಿ ಅಳೆದ ಅಂಕಿಯೂ ಇರುವ ಏರ್‌ಫಾಯಿಲನ್ನೇ ಆರಿಸಿ, ಆ ಅಂಕಿಯಲ್ಲೂ ವಿಮಾನ ಬಳಸುವಂತಿರಬೇಕು.

ಕೆಳರೆಕ್ಕೆಯ ವಿಮಾನದಲ್ಲಿ ರೆಕ್ಕೆಯ ಮೇಲ್ಮೈ ಒಡಲನ್ನು ಸೇರುವ ಮೂಲೆ ಇನ್ನೊಂದು ಸೋರಿಕೆ. ಒಡಲು ಹಿಂದಕ್ಕೆ ಕಿರಿದಾಗುತ್ತ ಹೋಗುವಲ್ಲಿ ಗಾಳಿ ಎರಡು ಕಡೆಯಿಂದಲೂ ಕಳಚಿಕೊಳ್ಳುತ್ತದೆ. ಮುಂದೆ ಕಿರಿದಾಗಿ ಹಿಂದೆ ಅಗಲವಾಗುವ ಫೇರಿಂಗ್ (ಮೂಲೆಯನ್ನು ನುಣುಪಾಗಿ ಮುಚ್ಚುವ ಹೊದಿಕೆ) ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಏಲರಾನಿನ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಸಂದು ಮುಚ್ಚುವುದೂ ಅಗ್ಗದ ಕೆಲಸ, ಕೆಳಗಿನ ಒತ್ತಡ ಮೇಲಕ್ಕೆ ಸೋರುವುದು ನಿಲ್ಲುತ್ತದೆ.

ಅಂಕಿಗಾಗಿ ಸ್ವಭಾವವನ್ನು ಮಾರಿಕೊಳ್ಳಬಾರದು. ಆಯತದ ರೆಕ್ಕೆ ಬುಡದಿಂದ ಸ್ಟಾಲ್ ಆಗುವುದರಿಂದ ಏಲರಾನ್ ಕೊನೆಯವರೆಗೂ ಮಾತು ಕೇಳುತ್ತದೆ. ತುದಿಗೆ ಬಹಳ ಕಿರಿದಾಗುವ ರೆಕ್ಕೆ ತುದಿಯಿಂದಲೇ ಸ್ಟಾಲ್ ಆಗಿ ಒಂದು ಪಕ್ಕಕ್ಕೆ ಉರುಳುತ್ತದೆ. ಅದಕ್ಕೆ ತುದಿಯನ್ನು ಎರಡು ಮೂರು ಡಿಗ್ರಿ ಕೆಳಕ್ಕೆ ತಿರುಚಬೇಕು. ನಾಕಾ 23012 ಒಳ್ಳೆಯ ಗುಣಾಂಕ ಕೊಡುತ್ತದೆ, ಆದರೆ ಕಳಚಿಕೊಳ್ಳುವುದು ಒಮ್ಮೆಲೇ. ಬುಡದಲ್ಲಿ ತ್ರಿಕೋನದ ಸ್ಟಾಲ್ ಪಟ್ಟಿ ಅಂಟಿಸಿ ಪಳಗಿಸಬಹುದು, ಅದು ಗುಣಾಂಕದಲ್ಲಿ ತನ್ನ ಸುಂಕ ವಸೂಲಿ ಮಾಡುತ್ತದೆ. ಈ ಸುಂಕವನ್ನು ಭರಿಸಲೆಂದೇ ಮೊದಲಿನ ಐದು ಶೇಕಡಾ.

ಅಳೆಯುವ ಬಗೆ

ಕ್ಯಾಲಿಬ್ರೇಟೆಡ್ ವೇಗ ಬೇಕೆಂದರೆ ಮೊದಲು ಮಾಪಕದ ದೋಷ ಗೊತ್ತಿರಬೇಕು. ಮಾಪಕಕ್ಕೆ ಗಾಳಿಯ ಒತ್ತಡ ತರುವ ಪಿಟೋ ಮತ್ತು ಸ್ಟ್ಯಾಟಿಕ್ ಕೊಳವೆಗಳಲ್ಲಿ ಸೋರಿಕೆ ಇಲ್ಲವೆಂದು ನೆಲದಲ್ಲೇ ಖಚಿತ ಮಾಡಿಕೊಳ್ಳಿ. ಗಾಳಿ ಶಾಂತವಾಗಿರುವ ಬೆಳಗ್ಗೆ ಒಂದೇ ಎತ್ತರದಲ್ಲಿ, ಮಾಪಕದಲ್ಲಿ ಒಂದೇ ವೇಗ ಹಿಡಿದು, 90 ಡಿಗ್ರಿ ಅಂತರದ ನಾಲ್ಕು ದಿಕ್ಕುಗಳಿಗೆ ಮೂತಿಯಿಟ್ಟು ಹಾರಿ ಜಿಪಿಎಸ್ ನೆಲವೇಗ ಬರೆದುಕೊಳ್ಳಿ. ನಾಲ್ಕರ ಸರಾಸರಿ ನಿಜ ವಾಯುವೇಗಕ್ಕೆ ಬಹಳ ಹತ್ತಿರ: 10 ನಾಟ್ ಗಾಳಿಯಿದ್ದರೂ 60 ನಾಟಿನಲ್ಲಿ ತಪ್ಪು ಅರ್ಧ ನಾಟಿಗಿಂತ ಕಡಿಮೆ. ಅದನ್ನು ಸಾಂದ್ರತೆಯ ಅನುಪಾತದ ವರ್ಗಮೂಲದಿಂದ ಗುಣಿಸಿದರೆ ಕ್ಯಾಲಿಬ್ರೇಟೆಡ್ ವೇಗ. ಪ್ರಮಾಣಿತ ವಾತಾವರಣದಲ್ಲಿ 5000 ಅಡಿಗೆ ಆ ವರ್ಗಮೂಲ 0.928. ಅಂದರೆ 5000 ಅಡಿಯಲ್ಲಿ ಗಾಳಿಯೇ ಇಲ್ಲದ ದಿನ ಜಿಪಿಎಸ್ 48.5 ತೋರಿಸಿದಾಗ ಸ್ಟಾಲ್ ಆದ ವಿಮಾನ ಮಿತಿಯೊಳಗೇ ಇದೆ. 90, 80, 70, 60, 55 ಹೀಗೆ ಇಳಿಯುತ್ತ ದೋಷದ ಗೆರೆ ಎಳೆಯಿರಿ. ಸ್ಟಾಲಿನ ಪಕ್ಕದಲ್ಲಿ ಆ ಗೆರೆ ಚುರುಕಾಗಿ ಬಾಗುತ್ತದೆ, ಅಂದಾಜಿನ ಮೇಲೆ ಮುಂದುವರಿಸುವುದು ಅಪಾಯ. ರೆಕ್ಕೆಯ ಮುಂದಕ್ಕೆ ಚಾಚಿದ ಕಡ್ಡಿಯ ತುದಿಯಲ್ಲಿ ಗಾಳಿಗೆ ತಾನೇ ತಿರುಗುವ ಪಿಟೋ-ಸ್ಟ್ಯಾಟಿಕ್ ತಲೆಯನ್ನು ಪರೀಕ್ಷೆಗೆಂದು ಕೂರಿಸಿದರೆ ನಂಬುವಂಥ ಅಂಕಿ ಸಿಗುತ್ತದೆ.

ಸ್ಟಾಲ್ ಪರೀಕ್ಷೆಯಲ್ಲಿ ಗುರುತ್ವಕೇಂದ್ರ ಮುಂದಿನ ಮಿತಿಯಲ್ಲಿರಲಿ, ಥ್ರಾಟಲ್ ಪೂರ್ತಿ ಮುಚ್ಚಿರಲಿ. ಎಂಜಿನ್ ನೆರವಿದ್ದರೆ ಪ್ರೊಪೆಲ್ಲರಿನ ಗಾಳಿ ರೆಕ್ಕೆಯ ಬುಡವನ್ನು ಹಿಡಿದಿಡುತ್ತದೆ, ಎಳೆತದ ಒಂದು ಪಾಲು ಮೇಲ್ಮುಖವಾಗುತ್ತದೆ, ವೇಗ ಸುಳ್ಳಾಗಿ ಇಳಿಯುತ್ತದೆ. ವೇಗವನ್ನು ಸೆಕೆಂಡಿಗೆ ಒಂದು ನಾಟಿನಂತೆ ಮಾತ್ರ ತಗ್ಗಿಸಿ. ಗಬಕ್ಕನೆ ಎಳೆದರೆ ಮಾಪಕದಲ್ಲಿ ಬರುವ ಕಡಿಮೆ ಅಂಕಿ ಜಡತ್ವದ್ದು, ರೆಕ್ಕೆಯದಲ್ಲ. ಹಾರುವಾಗ ಇಂಧನ ಖರ್ಚಾಗಿ ತೂಕ ಇಳಿದಿರುತ್ತದೆ, ಅದನ್ನೂ ಸರಿಪಡಿಸಬೇಕು. 570 ಕೆಜಿಯಲ್ಲಿ 43.5 ನಾಟ್ ಬಂದರೆ 600ನ್ನು 570ರಿಂದ ಭಾಗಿಸಿ ಬಂದದ್ದರ ವರ್ಗಮೂಲದಿಂದ ಗುಣಿಸಿ: 44.6. ಒಂದೂವರೆ ನಾಟಿನ ನೆಮ್ಮದಿ ಅರ್ಧ ನಾಟಿಗೂ ಕಡಿಮೆಯಾಯಿತು.

ಮಿತಿ ದಾಟಿ 45.6 ಬಂತು ಎನ್ನಿ. ಮೊದಲು ಫೇರಿಂಗ್ ಮತ್ತು ಸಂದುಗಳನ್ನು ನೋಡಿ, ರೆಕ್ಕೆಯ ಮೇಲೆ ನೂಲಿನ ತುಣುಕು ಅಂಟಿಸಿ ಎಲ್ಲಿ ಗಾಳಿ ಬೇಗ ಕಳಚುತ್ತದೆ ಎಂದು ಹಾರಾಟದಲ್ಲಿ ಚಿತ್ರೀಕರಿಸಿ. ಗುರುತ್ವಕೇಂದ್ರದ ಮುಂದಿನ ಮಿತಿಯನ್ನು 18ರಿಂದ 22 ಶೇಕಡಾಕ್ಕೆ ತಂದರೆ 0.3 ನಾಟ್ ಸಿಗುತ್ತದೆ, ಆದರೆ ಒಬ್ಬರೇ ಹಾರುವಾಗಿನ ಲೋಡಿಂಗ್ ಆ ಮಿತಿಯೊಳಗೆ ಬರಬೇಕು. ರೆಕ್ಕೆಯ ಮೇಲೆ ಅಗಲದ 7ರಿಂದ 10 ಶೇಕಡಾ ಜಾಗದಲ್ಲಿ ವೋರ್ಟೆಕ್ಸ್ ಜನರೇಟರ್‌ಗಳ ಸಾಲು ಒಂದೆರಡು ನಾಟ್ ಇಳಿಸಬಹುದು. ಅದರಿಂದ ಸ್ಟಾಲ್ ಕೋನ ಹೆಚ್ಚುತ್ತದೆ, ಇಳಿಯುವಾಗ ಬಾಲ ನೆಲಕ್ಕೆ ತಾಗುತ್ತದೆಯೇ ಎಂದು ಮತ್ತೆ ಅಳೆಯಬೇಕಾಗುತ್ತದೆ. ಇವು ಯಾವುದೂ ಸಾಲದಿದ್ದರೆ ಉಳಿಯುವುದು ಘೋಷಿತ ಗರಿಷ್ಠ ತೂಕ: 45 ಮತ್ತು 45.6ರ ಅನುಪಾತದ ವರ್ಗ 0.974, ಅಂದರೆ 584 ಕೆಜಿ. ಹವ್ಯಾಸಿ ವಿಮಾನದ ಗರಿಷ್ಠ ತೂಕವನ್ನು ಗೊತ್ತುಮಾಡುವವರು ಕಟ್ಟಿದವರೇ. ಆದರೆ 2004ರ ವ್ಯಾಖ್ಯೆ ವಿಮಾನ ತನ್ನ ಮೊದಲ ಪ್ರಮಾಣಪತ್ರದ ದಿನದಿಂದಲೂ ಮಿತಿಯೊಳಗೆ ಇರಬೇಕು ಎನ್ನುತ್ತಿತ್ತು. ಒಮ್ಮೆ ಮಿತಿ ಮೀರಿದ ತೂಕವನ್ನು ಕಾಗದದಲ್ಲಿ ಬರೆಸಿದ ಮೇಲೆ ತಗ್ಗಿಸಿ ಒಳಗೆ ಬರುವ ದಾರಿ ಇರಲಿಲ್ಲ. ಹಾಗಾಗಿ ಅನುಮಾನವಿದ್ದವರು ಮೊದಲ ಅರ್ಜಿಯಲ್ಲೇ ಕಡಿಮೆ ತೂಕ ಬರೆಯುತ್ತಿದ್ದರು.